ಆರುನೂರ ಮೂವತ್ತು ಲಿಂಬೆಹಣ್ಣು

ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ ಬಾಕಿ ಇತ್ತು. ಇಂಡಿ ತಾಲ್ಲೂಕಿನ ನಮ್ಮ ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮದ ಮೊದಲ ತಂಡ ಆ ವರ್ಷ ಮೂರನೇ ತರಗತಿಗೆ ಬಂದಿತ್ತು. ಅವರ ಗಣಿತ ನನ್ನ ಕೊರಳಿಗೆ ಬಿತ್ತು. ನಾನು ಕಲಿತದ್ದೂ ಕಲಿಸಿದ್ದೂ ಕನ್ನಡದಲ್ಲಿ. ದಿನಾ ಬೆಳಿಗ್ಗೆ ಪಾಠವನ್ನು ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಒಪ್ಪಿಸಿ ಹೋಗುತ್ತಿದ್ದೆ. ನಮ್ಮ ಮನೆಯವರು ಮುಸಿಮುಸಿ ನಗುತ್ತಿದ್ದರು.

ಬರೀ ಅಂಕಿ ಕೊಟ್ಟರೆ ಮಕ್ಕಳು ಚಕಚಕ ಮಾಡುತ್ತಿದ್ದರು. ಅದೇ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ, ಅಂದರೆ ವರ್ಡ್ ಪ್ರಾಬ್ಲಮ್ ಬಂದರೆ, ಕಣ್ಣಿಗೆ ಬಿದ್ದ ಅಂಕಿಗಳನ್ನೆಲ್ಲ ಕೂಡಿಸಿಬಿಡುತ್ತಿದ್ದರು. ಸಾನಿಯಾ ಎಂಬ ಹುಡುಗಿಯಂತೂ ಏನು ಕೇಳಿದರೂ ಬಾಯೇ ಬಿಡುತ್ತಿರಲಿಲ್ಲ. ಮುಂದಿನ ಟೆಸ್ಟಿನಲ್ಲೂ ಹೀಗೇ ಆದರೆ ಅವಳನ್ನು ಕನ್ನಡ ವಿಭಾಗಕ್ಕೆ ಕಳಿಸುವುದೆಂದು ನಾನೂ ಹೆಡ್‌ಮಾಸ್ತರರೂ ತೀರ್ಮಾನಿಸಿದೆವು.

ಸುದ್ದಿ ತಿಳಿದು ಅವಳ ತಾಯಿ ರಜಿಯಾ ಓಡಿ ಬಂದಳು. ಮಾರುಕಟ್ಟೆಯಲ್ಲಿ ಲಿಂಬೆ ಆರಿಸಿ ಎಣಿಸುವ ಕೆಲಸ ಅವಳದು.

"ಅಕ್ಕೋರ, ಇಲ್ಲೇ ಇರಾಕ ಬಿಡ್ರಿ. ಮನ್ಯಾಗ ದಿನಾ ಜೋರಾಗಿ ಇಂಗ್ಲಿಷ್ ಓದ್ತಾಳ್ರಿ."

"ಓದಿದ್ದು ತಲಿಗೆ ಹತ್ತಬೇಕಲ್ಲ, ತಂಗಿ," ಎಂದೆ. ನನ್ನ ನಾಲಿಗೆ ಸ್ವಲ್ಪ ಚುರುಕು.

ಆದರೂ ಮನಸ್ಸು ತಡೆಯದೆ ಟೆಸ್ಟಿನಲ್ಲಿ ಲಿಂಬೆಯ ಲೆಕ್ಕವನ್ನೇ ಹಾಕಿದೆ. ಆರು ಬುಟ್ಟಿ, ಒಂದೊಂದರಲ್ಲಿ ನೂರು ಹಣ್ಣು, ಒಟ್ಟು ಎಷ್ಟು? ಇದಿಷ್ಟೂ ಇಂಗ್ಲಿಷಿನಲ್ಲಿ. ಅರ್ಧ ತರಗತಿ ಕೂಡಿಸಿ ನೂರಾ ಆರು ಎಂದು ಬರೆದಿತ್ತು. ಸಾನಿಯಾ ಬರೆದದ್ದು ಆರುನೂರ ಮೂವತ್ತು. ಕೆಂಪು ಪೆನ್ನಿನಿಂದ ಗೀಟು ಎಳೆದೆ. ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು: ಗುಣಾಕಾರ ಮಾಡದೆ ಆರುನೂರರ ಹತ್ತಿರ ಬರುವುದು ಹೇಗೆ?

ಅವಳನ್ನು ಕರೆದೆ. "ಈ ಮೂವತ್ತು ಎಲ್ಲಿಂದ ಬಂತವಾ?"

"ನೂರಕ್ಕ ಐದು ಹೆಚ್ಚಿಗಿ ಹಾಕಬೇಕ್ರಿ. ಒಂದೀಟು ಕೆಟ್ಟು ಹೋಗ್ತಾವಲ್ರಿ," ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಅವಳ ತಾಯಿ ಒಂದು ಸಲಕ್ಕೆ ಐದೈದು ಹಣ್ಣು ಎತ್ತಿ ಎಣಿಸುತ್ತಾಳಂತೆ. ಇಪ್ಪತ್ತು ಸಲಕ್ಕೆ ನೂರು. ಅದರ ಮೇಲೆ ಇನ್ನೊಂದು ಸಲ ಹಾಕಿದರೇನೇ ಬುಟ್ಟಿ ಪೂರ್ತಿಯಾದಂತೆ. ಹುಡುಗಿ ನನ್ನ ಇಂಗ್ಲಿಷನ್ನು ಒಂದಕ್ಷರ ಬಿಡದೆ ಅರ್ಥ ಮಾಡಿಕೊಂಡಿದ್ದಳು! ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

"ಹೆಚ್ಚಿಗಿ ಹಾಕಬ್ಯಾಡ, ಬರೀ ನೂರು ಅಂದ್ರ?"

ತಟ್ಟನೆ ಆರುನೂರು ಎಂದು ಬರೆದಳು. ಆಮೇಲೆ ನನ್ನ ಮುಖ ನೋಡಿ, "ಹಿಂಗ್ ಮಾಡಿದ್ರ ನಿಮ್ಮ ಕಡೆ ಯಾರೂ ಹಣ್ಣು ತಗೊಳ್ಳೂದಿಲ್ರಿ, ಅಕ್ಕೋರ," ಎಂದಳು.

ನನ್ನ ನಗು ಕೇಳಿ ಹೆಡ್‌ಮಾಸ್ತರರು ಎದ್ದು ಬಂದರು. ವಿಷಯ ಕೇಳಿ, ಸಾನಿಯಾಳ ಹೆಸರನ್ನು ಇಂಗ್ಲಿಷ್ ವಿಭಾಗದಲ್ಲೇ ಉಳಿಸಿದರು.

ಅಲ್ಲಿಯವರೆಗೆ ನಾನು ಮಕ್ಕಳಿಗೆ ಕೇಳಿದ್ದು ಉತ್ತರ ಎಷ್ಟು ಎಂದು ಮಾತ್ರ. ಹೇಗೆ ಬಂತು ಎಂದು ಕೇಳಲು ಕಲಿತದ್ದು ಅವತ್ತು. ಹಾಗೆ ಕೇಳದೆ ಎಷ್ಟು ಮಕ್ಕಳ ಸರಿಯಾದ ಲೆಕ್ಕಕ್ಕೆ ಗೀಟು ಎಳೆದಿದ್ದೇನೋ, ಆ ಲೆಕ್ಕ ಮಾತ್ರ ನನಗೆ ಬಗೆಹರಿದಿಲ್ಲ.