ಬಣ್ಣ ಬಳಿದ ಮಂಚ

ಖಾನಾಪುರದಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಬೆಳಗಾವಿಯ ಉದ್ಯಮಬಾಗದಲ್ಲಿ ಕಲಿತ ಕೆಲಸ. ಯಾರ ಹಂಗಿನಲ್ಲೂ ಉಂಡವನಲ್ಲ. ಸೇವಾ ಸಂಘದ ಖಾನಾಪುರ ಶಾಖೆಯವರು ನನ್ನನ್ನು ಸೇರಿಸಿಕೊಂಡದ್ದೂ ಆ ಕೆಲಸ ನೋಡಿಯೇ. ಹಾಸಿಗೆ ಹಿಡಿದವರಿಗೆ ತಲೆಯ ಕಡೆ ಎತ್ತುವ ಕಬ್ಬಿಣದ ಮಂಚ, ಗಾಲಿಕುರ್ಚಿ, ವಾಕರ್ ಇವನ್ನು ಪುಕ್ಕಟೆ ಕೊಡುವುದು, ಬೇಡವಾದಾಗ ತಿರುಗಿ ತರುವುದು ನಮ್ಮ ಸಂಘದ ಕೆಲಸ.

ಮಂಚ ತಿರುಗಿ ಬಂತೆಂದರೆ ರೋಗಿ ಎದ್ದ, ಇಲ್ಲವೇ ಹೋದ. ಹೋದದ್ದೇ ಹೆಚ್ಚು. ಹೆಣ ಎತ್ತಿದ ಮಂಚವನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಹೊಸ್ತಿಲು ದಾಟಿಸಿಕೊಳ್ಳುವುದಿಲ್ಲ. ಅದಕ್ಕೆ ನಾನೊಂದು ಪದ್ಧತಿ ಮಾಡಿದ್ದೆ. ತಿರುಗಿ ಬಂದ ಪ್ರತಿ ಮಂಚ, ಎದ್ದವರದಾಗಲಿ ಹೋದವರದಾಗಲಿ, ಮೊದಲು ನನ್ನ ಶೆಡ್ಡಿಗೆ ಬರಬೇಕು. ಹಳೆಯ ಬಣ್ಣ ಕೆರೆದು, ಬೇರೆ ಬಣ್ಣ ಹೊಡೆದ ಮೇಲೆಯೇ ಮುಂದಿನ ಮನೆಗೆ. ಎಲ್ಲವೂ ಹೊಸದಾಗಿ ಕಂಡರೆ ಯಾವುದು ಸಾವಿನ ಮನೆಯದೆಂದು ಹೇಗೆ ತಿಳಿಯಬೇಕು? ಮಂದಿಯೇನು ದಡ್ಡರಲ್ಲ, ಒಳಗೊಳಗೆ ಎಲ್ಲರಿಗೂ ಗೊತ್ತಿತ್ತು. ಆದರೆ ಬಣ್ಣದ ವಾಸನೆ ಬರುವ ಮಂಚವನ್ನು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ನಾವೂ ಹೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸಂಘದ ಮೇಲಿನವರು ‘ಜೋಡಿ ಶಾಖೆ’ ಎಂಬುದನ್ನು ತಂದರು. ಒಂದು ಊರಿನ ಶಾಖೆಗೆ ಇನ್ನೊಂದನ್ನು ಗಂಟು ಹಾಕುವುದು. ಇವರ ಅನುಭವ ಅವರಿಗೆ, ಅವರದು ಇವರಿಗೆ. ನಮಗೆ ಬೆಳಗಾವಿ ಗಂಟು ಬಿತ್ತು. ಮೊದಲ ಸಭೆ ಅನಗೋಳದ ಒಂದು ಮಂಗಲ ಕಾರ್ಯಾಲಯದಲ್ಲಿ. ಬೆಳಗಾವಿ ಶಾಖೆಯ ಅಧ್ಯಕ್ಷರು ಗಾಡಿ ಶೋರೂಮಿನ ಮಾಲೀಕರು, ನನಗಿಂತ ಸಣ್ಣವರು. ಅವರಲ್ಲಿ ಪ್ರತಿ ಮಂಚಕ್ಕೂ ಒಂದು ತಗಡಿನ ಫಲಕ: ತೀರಿಕೊಂಡವರ ಫೋಟೋ, ಹೆಸರು, ‘ಇವರ ಸ್ಮರಣಾರ್ಥ’. ಶಹರದ ಮಂದಿ ದವಾಖಾನೆಯ ಮಂಚದಂತೆಯೇ ಅದರ ಮೇಲೂ ಮಲಗುತ್ತಾರಂತೆ. ನನ್ನ ಸರದಿ ಬಂದಾಗ ಬಣ್ಣದ ಮಾತು ಹೇಳಿದೆ.

ಅಧ್ಯಕ್ಷರು ನಕ್ಕರು. “ಮಿಸ್ತ್ರಿ, ಮಂಚಕ್ಕ ಬಣ್ಣಾ ಹೊಡೀತೀರೋ, ಮಂದಿಗೆ ಟೋಪಿ ಹಾಕ್ತೀರೋ?”

ಸಭೆಯೆಲ್ಲ ನಕ್ಕಿತು. ನನ್ನ ಬಾಜೂಕ್ಕೆ ಕೂತಿದ್ದ ನಮ್ಮ ಕಾರ್ಯದರ್ಶಿ, ಹಂಚಿನ ವ್ಯಾಪಾರಿ, ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೈಕು ಮುಂದಿನವರ ಕೈಗೆ ಹೋಗಿತ್ತು. ಅನುಭವ ಹಂಚಿಕೊಳ್ಳುವುದೆಂದರೆ ನಮ್ಮದನ್ನು ಕೇಳಿ ನಗುವುದು, ಅವರದನ್ನು ಕೇಳಿ ಬರೆದುಕೊಳ್ಳುವುದು ಎಂದು ಅಂದೇ ತಿಳಿಯಿತು.

ಜೋಡಿಯಾದ ನೆನಪಿಗೆ ಅಧ್ಯಕ್ಷರು ತಮ್ಮ ತಂದೆಯ ಮಂಚವನ್ನೇ ನಮಗೆ ಕೊಟ್ಟರು, ಫಲಕದ ಸಮೇತ.

ಆ ಹೊತ್ತಿಗೆ ಲೋಂಡಾ ಹತ್ತಿರದ ಹಳ್ಳಿಯೊಂದರಲ್ಲಿ, ರೈಲ್ವೆ ಗ್ಯಾಂಗಿನಲ್ಲಿ ದುಡಿದ ಒಬ್ಬ ಅಜ್ಜ ಲಕ್ವಾ ಹೊಡೆದು ನೆಲದ ಮೇಲೆ ಬಿದ್ದಿದ್ದ. ನೋಡಿಕೊಳ್ಳುವವಳು ಸೊಸೆ ಒಬ್ಬಳೇ. ಬೆನ್ನೆಲ್ಲ ಹುಣ್ಣು. ನೆಲ ಬಿಡಿಸದಿದ್ದರೆ ಮಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮ್ಮ ಉಳಿದ ಮಂಚಗಳೆಲ್ಲ ಹೊರಗಿದ್ದವು. ನಾನು ಅಧ್ಯಕ್ಷರ ಮಂಚದ ಫಲಕ ಬಿಚ್ಚಿ ಕಾರ್ಯದರ್ಶಿಯ ಕೈಗೇ ಕೊಟ್ಟೆ. ಆಫೀಸಿನಲ್ಲಿ ತೂಗು ಹಾಕ್ರಿ, ಬೆಳಗಾವಿಗೆ ಒಂದು ಮಾತು ತಿಳಿಸ್ರಿ ಎಂದೆ. “ಹೇಳ್ತೀನಿ ಬಿಡ್ರಿ,” ಎಂದರು. ಮಂಚಕ್ಕೆ ಹಸಿರು ಬಣ್ಣ ಹೊಡೆದು ಮುಟ್ಟಿಸಿ ಬಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜನ ಹುಣ್ಣು ಒಣಗತೊಡಗಿದ್ದವು.

ಆಗ ಬಂದರು ಅಧ್ಯಕ್ಷರು, ವರದಿಗೆ ಫೋಟೋ ಬೇಕೆಂದು. ಮನೆ ತೋರಿಸಲು ನಾನು, ಜೊತೆಗೆ ಕಾರ್ಯದರ್ಶಿ. ದೊಡ್ಡ ಕಾರು ನಿಂತದ್ದೇ ತಡ, ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು.

ಅಧ್ಯಕ್ಷರು ಮಂಚದ ಸುತ್ತ ತಿರುಗಿದರು. “ಫಲಕ ಎಲ್ಲೈತ್ರಿ?”

“ಆಫೀಸಿನ್ಯಾಗ ಐತ್ರಿ. ಹೊರಗ ಬರ್ರಿ, ಹೇಳ್ತೀನಿ,” ಎಂದೆ.

“ಹೊರಗ್ಯಾಕ? ನಮ್ಮಪ್ಪನ ಫೋಟೋ ಕಿತ್ತ ಒಗದು, ಮತ್ತ ಹೊರಗ ಬರ್ರಿ ಅಂತೀರಿ?”

ನಾನು ಕಾರ್ಯದರ್ಶಿಯ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. “ನನಗೇನೂ ಗೊತ್ತಿಲ್ರೀ ಸರ್. ಮಿಸ್ತ್ರಿ ಹಂಗ, ತನ್ನ ಮನಸಿಗೆ ಬಂದಂಗ ಮಾಡ್ತಾನ.”

“ಇದರ ಮ್ಯಾಲೇ ಜೀವಾ ಬಿಟ್ಟಾರ್ರೀ ನಮ್ಮಪ್ಪ!” ಅಧ್ಯಕ್ಷರು ಮಂಚದ ಕಂಬಿಯ ಮೇಲೆ ಕೈಯಾಡಿಸಿದರು. ಸುಳ್ಳು ನೋವಲ್ಲ ಅದು, ನನಗೂ ಕಂಡಿತು. ಆದರೆ ಮಾತು ಹೊರಬಿದ್ದಿತ್ತು.

ಸೊಸೆ ಚಹಾದ ತಟ್ಟೆ ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ನನ್ನೊಬ್ಬನನ್ನೇ ನೋಡಿದಳು. “ಅಣ್ಣಾ, ಖರೇ ಏನು?”

“ಬ್ಯಾರೇದ್ ತರ್ತೀನಿ ತಂಗಿ,” ಎಂದೆ.

“ಅದರ ಮ್ಯಾಲೂ ಯಾರರೆ ಸತ್ತಿರ್ತಾರ.” ಬಾಗಿಲಲ್ಲಿ ನಿಂತ ಮಂದಿಯನ್ನು ಕಣ್ಣಿನಿಂದಲೇ ತೋರಿಸಿದಳು. “ಕಿವೀಗೆ ಬೀಳೂತನಕ ನಡೀತಿತ್ತು. ಈಗ ಊರೆಲ್ಲಾ ಕೇಳೇತಿ. ನಾಳೆ ಇವರಿಗೆ ಏನರೆ ಆದ್ರ, ಸೊಸಿ ಬೇಕಂತನ ಮಲಗಿಸಿದ್ಲು ಅಂತಾರ. ಒಯ್ರಿ.”

ಅಧ್ಯಕ್ಷರು ಮೆತ್ತಗಾದರು. “ಇರ್ಲಿ ಬಿಡವ್ವಾ, ಫೋಟೋನೂ ಬ್ಯಾಡ, ಫಲಕನೂ ಬ್ಯಾಡ.”

“ಆಡಿದ್ದನ್ನ ತಿರುಗಿ ನುಂಗಾಕ ಬರ್ತೈತೇನ್ರಿ ಸಾಹೇಬ್ರ?”

ಚಾಪೆ ಹಾಸಿ, ಮೇಲೆ ಕೌದಿ ಮಡಚಿ ಹಾಕಿದಳು. ಅಜ್ಜನ ಬಗಲಿಗೆ ನಾನು ಕೈ ಕೊಟ್ಟೆ, ಕಾಲು ಅವಳು ಹಿಡಿದಳು. ಕೆಳಗಿಳಿಸುವಾಗ ಅವನು ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

ಮಂಚವನ್ನು ಅಂಗಳಕ್ಕೆ ಹೊತ್ತು ತಂದಾಗ ಮಂದಿ ಹಿಂದಕ್ಕೆ ಸರಿದರು. ಅಧ್ಯಕ್ಷರು ಕಾರಿನ ಬಾಗಿಲು ತೆರೆದು, “ಬರ್ರಿ, ಖಾನಾಪುರಕ್ಕ ಬಿಡ್ತೀನಿ,” ಎಂದರು.

“ನಿಮ್ಮ ಅನುಭವ ನೀವು ತಗೊಂಡು ಹೋಗ್ರಿ,” ಎಂದೆ. ಟೆಂಪೋ ಬರುವತನಕ ಆ ಮಂಚದ ಮೇಲೆ ಒಬ್ಬನೇ ಕೂತೆ.

ಈಗ ನಾನು ಶಾಖೆಯಲ್ಲಿಲ್ಲ. ಜೋಡಿ ಹಾಗೇ ಇದೆ. ಒಳ್ಳೆಯ ಜೋಡಿಯೆಂದು ಮೇಲಿನವರು ಶಾಲು ಹೊದಿಸಿದರಂತೆ, ಕಾರ್ಯದರ್ಶಿಗೂ ಒಂದು. ಲೋಂಡಾ ಕಡೆಯಿಂದ ಗೇಟು, ಗ್ರಿಲ್ಲು ಎಂದು ಶೆಡ್ಡಿಗೆ ಬರುವವರು ಅಜ್ಜನ ಸುದ್ದಿ ಹೇಳುತ್ತಾರೆ. ಬೆನ್ನಿನ ಹುಣ್ಣು ಮತ್ತೆ ಒಡೆದಿವೆಯಂತೆ. ಹೊಲದ ಕೂಲಿ ಬಿಟ್ಟು ಸೊಸೆ ಮಗ್ಗುಲು ಬದಲಿಸುತ್ತ ಕೂತಿದ್ದಾಳಂತೆ. ನಾನು ಹೋಗಿ ನೋಡಿಲ್ಲ.