ಫಾರ್ಚೂನ್ ಪದದ ಜಾತಕ ಹೇಳಿದ ಮೇಷ್ಟ್ರು

ಅವರ ಬಲಗಿವಿಯ ಮೇಲಿನ ಕೂದಲು ಸದಾ ಬೆಳ್ಳಗಿರುತ್ತಿತ್ತು. ನರೆಯಲ್ಲ, ಸೀಮೆಸುಣ್ಣ. ಬರೆದು ಮುಗಿದೊಡನೆ ತುಂಡನ್ನು ಕಿವಿಗೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಬುಕ್ಕಾಪಟ್ಟಣದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಹಿರಿಯ ಇಂಗ್ಲಿಷ್ ಮೇಷ್ಟ್ರು, ನಾನು ಕಿರಿಯವನು. ಹುಡುಗರಿಗೆ ಅವರೇ ಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನಿದೆ.

ತರಗತಿಯ ಮೊದಲ ಹತ್ತು ನಿಮಿಷ ಅವರು ಒಂದು ಪದದ ಜಾತಕ ಹೇಳುತ್ತಿದ್ದರು. ಒಮ್ಮೆ ‘ಫಾರ್ಚೂನ್’ ಬಂತು. ಪಕ್ಕದ ಕೋಣೆಯಿಂದ ನಾನೂ ಕಿವಿಗೊಟ್ಟೆ.

“ದುಡ್ಡು ಸಾರ್,” ಅಂದಳು ಒಬ್ಬ ಹುಡುಗಿ.

“ಅದು ಆಮೇಲೆ ಬಂದ ಅರ್ಥ ಕಣಮ್ಮ. ರೋಮಿನೋರಿಗೆ ಫಾರ್ಚುನಾ ಅಂತ ಒಬ್ಳು ದೇವತೆ ಇದ್ಲು. ಯಾರಿಗೆ ಏನು ಒದಗಿಸ್ತಾಳೋ ಹೇಳಕ್ಕಾಗಲ್ಲ. ವಳ್ಳೂರಲ್ಲಿ ಸೋಲಾರ್ ಪಾರ್ಕಿಗೆ ಬೇಲಿ ಹಾಕಿದ್ರಲ್ಲ, ನಮ್ಮಣ್ಣನ ಹೊಲ ಒಳಗೆ ಬಿತ್ತು, ವರ್ಷಾ ವರ್ಷ ಬಾಡಿಗೆ ಬರ್ತೈತೆ, ನಂದು ಹೊರಗೆ ಉಳೀತು. ಅದು ಫಾರ್ಚೂನು. ಆಮೇಲೆ ಅಂಗೆ ಬಂದ ಆಸ್ತಿಗೂ ಜನ ಅದೇ ಹೆಸರು ಇಟ್ಬುಟ್ರು.”

“ಅಣ್ಣನ ಮೇಲೆ ಹೊಟ್ಟೆಕಿಚ್ಚಿಲ್ವಾ ಸಾರ್?”

“ಐತೆ. ಹಬ್ಬಕ್ಕೆ ಕರೆದ್ರೆ ಹೋಗಿ ಉಂಡು ಬರ್ತೀನಿ.”

ತರಗತಿಯೆಲ್ಲ ನಕ್ಕಿತು. ವರ್ಷವಿಡೀ ಗಂಟಲು ಹರಿದುಕೊಂಡರೂ ನನ್ನ ಹುಡುಗರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಮನೆಗೆ ಹೋದವನೇ, ಇವರು ಪಾಠ ಬಿಟ್ಟು ಕತೆ ಹೇಳುತ್ತಾರೆ ಎಂದು ಮೇಲಧಿಕಾರಿಗೆ ಮೂಕರ್ಜಿ ಬರೆದು ಹಾಕಿದೆ. ಹೆಸರಿಲ್ಲ, ಸಹಿಯಿಲ್ಲ.

ಅಧಿಕಾರಿ ಬಂದವರು ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಕೈಗೇ ಕೊಟ್ಟರು. ನನ್ನ ಪಾಠಯೋಜನೆಯನ್ನು ದಿನವೂ ತಿದ್ದುತ್ತಿದ್ದವರು ಅವರೇ. ಬರೆಯುವಾಗ ಅದೂ ಹೊಳೆದಿರಲಿಲ್ಲ, ಅಷ್ಟು ಕುರುಡಾಗಿದ್ದೆ. ಅವರು ಓದಿ, ಮಡಿಸಿ, ಹಿಂದಿರುಗಿಸಿದರು.

“ಪಾಠ ಹಿಂದೆ ಬಿದ್ದಿರೋದು ನಿಜ ಸಾರ್. ನಾಳೆಯಿಂದ ನಿಲ್ಲಿಸ್ತೀನಿ.”

ಸಂಜೆ ಬಸ್ಸಿಗೆ ಕಾಯುವಾಗ ನನ್ನ ಪಕ್ಕ ಬಂದು ನಿಂತರು. “ಲೇ, ನಿನ್ನ ಅಕ್ಷರ ದುಂಡಗೈತೆ ಕಣ್ಲಾ,” ಅಂದರು. ಜಾತಕ ಹೇಳುವುದನ್ನು ನಿಜಕ್ಕೂ ನಿಲ್ಲಿಸಿಬಿಟ್ಟರು. ಹಾಗಂತ ಹುಡುಗರೇನೂ ನನ್ನ ಕಡೆ ಬರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಅಂಗಳದ ತುಂಬ ಹಳೆಯ ವಿದ್ಯಾರ್ಥಿಗಳು. ನಾನು ಸತ್ತರೆ ಇಷ್ಟು ಜನ ಬರುತ್ತಾರಾ ಅನ್ನಿಸಿತು, ಅಲ್ಲೂ ಬಿಡಲಿಲ್ಲ ನನ್ನ ಬುದ್ಧಿ. ಅವರ ಮಗಳು ನನ್ನನ್ನು ಗುರುತಿಸಿ ಹತ್ತಿರ ಬಂದಳು.

“ಅವನ ಹುಡುಗ್ರೆಲ್ಲ ಪಾಸಾಗ್ತಾರೆ, ನನ್ನೋರು ಬರೀ ನಗ್ತಾರೆ ಅಂತಿದ್ರು ಸಾರ್ ಅಪ್ಪ. ನಿಮ್ಮ ಮೇಲೆ ಅವರಿಗೆ ಬಲು ಹೊಟ್ಟೆಕಿಚ್ಚಿತ್ತು.”

ಮೂಕರ್ಜಿ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಅಷ್ಟು ಹೊಟ್ಟೆಕಿಚ್ಚು ಇಟ್ಟುಕೊಂಡೂ ಅವರು ಆ ಕಾಗದ ನನ್ನದೆಂದು ಹೆಂಡತಿ ಮಕ್ಕಳ ಮುಂದೆ ಕೂಡ ಬಾಯಿಬಿಟ್ಟಿರಲಿಲ್ಲ. ಹಿಡಿ ಮಣ್ಣು ಹಾಕುವ ನನ್ನ ಸರದಿ ಬಂದಾಗ ಹಿಂದಿದ್ದವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದೆ.