ಯುಗಳಗೀತೆಯೊಳಗಿನ ಕೆಮ್ಮು

ನಾಟಕ ಕಂಪನಿಯ ದರ್ಜಿಗೆ ಒಂದು ಕೆಟ್ಟ ಚಾಳಿಯಿತ್ತು. ಕತ್ತರಿ ತೊಡೆಯ ಮೇಲೇ ಇದ್ದರೂ ನೂಲನ್ನು ಹಲ್ಲಿನಿಂದಲೇ ಕಡಿಯುತ್ತಿದ್ದ. ಕತ್ತರಿ ಇರುವುದು ಬಟ್ಟೆಗೆ, ಹಲ್ಲಿರುವುದು ನೂಲಿಗೆ ಎಂದು ಅವನ ವಾದ. ಈ ವಾದದಿಂದ ಒಬ್ಬನ ಕೆಲಸ ಹೋಯಿತು, ಒಂದು ಹಾಡು ಮನೆಮಾತಾಯಿತು, ದರ್ಜಿಯ ಪಾಲಿಗೆ ಮಾತ್ರ ನಲವತ್ತು ವರ್ಷದ ಹೊಟ್ಟೆಯುರಿ ಬಂತು.

ಆದದ್ದು ಇಷ್ಟು. ಕಂಪನಿಯ ಹೊಸ ಸಂಗೀತ ನಾಟಕದಲ್ಲಿ ನಾಯಕ ನಾಯಕಿ ದೋಣಿಕಟ್ಟೆಯಲ್ಲಿ ನಿಂತು ಹಾಡುವ ಯುಗಳಗೀತೆಯೊಂದಿತ್ತು. ಅದನ್ನು ರೆಕಾರ್ಡ್ ಮಾಡಲು ಒಂದು ಮಧ್ಯಾಹ್ನ ಖಾಲಿ ರಂಗಮಂದಿರಕ್ಕೆ ಯಂತ್ರ ಬಂತು. ಹಗ್ಗಕ್ಕೆ ಮೈಕು ಕಟ್ಟಿ ಇಳಿಬಿಟ್ಟರು. ತಂದಿದ್ದ ಟೇಪು ಒಂದೇ, ಯಂತ್ರದವನಿಗೆ ಸಂಜೆಯ ರೈಲು ಬೇರೆ. ದರ್ಜಿ ಪಕ್ಕದ ಪರದೆಯ ಹಿಂದೆ ಕೂತು ಮಂತ್ರಿಯ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಹಾಡಿನ ನಡುವೆ ನಾಯಕ ‘ನನ್ನ ಜೊತೆ ಬರುವೆಯಾ’ ಎಂದು ಕೇಳುತ್ತಾನೆ. ವಾದ್ಯಗಳೆಲ್ಲ ನಿಲ್ಲುತ್ತವೆ. ನಾಯಕಿ ಒಂದು ಕ್ಷಣ ಉಸಿರು ಹಿಡಿದು ‘ಬರುವೆ’ ಎನ್ನಬೇಕು. ಸರಿಯಾಗಿ ಅದೇ ನಿಶ್ಶಬ್ದದಲ್ಲಿ ದರ್ಜಿ ನೂಲು ಕಡಿದ. ತುಂಡು ಗಂಟಲಿಗೆ ಇಳಿಯಿತು. ಎರಡು ಗಿಡ್ಡ ಕೆಮ್ಮು, ಹಿಂದೆಯೇ ಒಂದು ಉದ್ದದ್ದು.

ಹಾಡು ಮುಗಿದ ಮೇಲೆ ಯಜಮಾನರು ಕೆಂಡವಾದರು. ‘ಯಾವನೋ ಅದು ಕೆಮ್ಮಿದ್ದು?’

ಎಲ್ಲರ ಕಣ್ಣೂ ಹಾರ್ಮೋನಿಯಂ ಮಾಸ್ತರ ಕಡೆ ತಿರುಗಿತು. ಮೈಕಿಗೆ ಹತ್ತಿರ ಕೂತವರು ಅವರೇ, ವಾರದಿಂದ ನೆಗಡಿ ಆಗಿದ್ದದ್ದೂ ಅವರಿಗೇ. ‘ನಾನಲ್ಲ ಯಜಮಾನ್ರೇ’ ಎಂದು ಮಾಸ್ತರು ಮೂಗು ಒರೆಸಿಕೊಂಡೇ ಆಣೆ ಹಾಕಿದರು. ಅಂಥ ಮೂಗನ್ನು ಎದುರಿಗಿಟ್ಟುಕೊಂಡು ಆಣೆಯನ್ನು ಯಾರು ನಂಬುತ್ತಾರೆ? ದರ್ಜಿ ತಲೆ ತಗ್ಗಿಸಿ ಅದೇ ಗುಂಡಿಯನ್ನು ಮೂರು ಸಲ ಹೊಲಿದ. ಅಂದು ಸಂಜೆಯೇ ಮಾಸ್ತರನ್ನು ಮನೆಗೆ ಕಳಿಸಿದರು.

ಒಂಬತ್ತು ತಿಂಗಳಾದ ಮೇಲೆ ರೆಕಾರ್ಡು ಅಂಗಡಿಗೆ ಬಂತು. ಯಾರೂ ಎಣಿಸದ ಹಾಗೆ ಜನ ಅದಕ್ಕೆ ಮುಗಿಬಿದ್ದರು, ಅದೂ ಆ ಕೆಮ್ಮಿಗಾಗಿ! ಹುಡುಗ ‘ಬರುವೆಯಾ’ ಎನ್ನುತ್ತಿದ್ದಂತೆ ಕತ್ತಲಲ್ಲಿ ಹುಡುಗಿಯ ಅಪ್ಪ ನಿಂತು ಕೆಮ್ಮಿದ ಹಾಗಿದೆ, ಆದರೂ ಹುಡುಗಿ ‘ಬರುವೆ’ ಅಂತಾಳಲ್ಲ, ಎಂಥ ಗಟ್ಟಿಗಿತ್ತಿ ಎಂದು ಕೇಳಿದವರೆಲ್ಲ ಮೈಮರೆತರು. ಆ ಕೆಮ್ಮೇ ಸಮಾಜ ಎಂದು ವಿಮರ್ಶಕರೊಬ್ಬರು ಪತ್ರಿಕೆಯಲ್ಲಿ ಎರಡು ಕಾಲಂ ಬರೆದರು. ಮಾಸ್ತರು ಮನೆಗೆ ಹೋಗಿ ಹನ್ನೊಂದು ತಿಂಗಳಾಗುವಷ್ಟರಲ್ಲಿ ಯಜಮಾನರು ಕಾರು ಕಳಿಸಿ ಅವರನ್ನು ಕರೆಸಿಕೊಂಡರು. ಅಲ್ಲಿಂದಾಚೆಗೆ ಮಾಸ್ತರು ಪ್ರತಿ ಪ್ರಯೋಗದಲ್ಲೂ ಬೆಳಕಿನಲ್ಲಿ ನಿಂತು ಕೆಮ್ಮುವುದು, ಜನ ಚಪ್ಪಾಳೆ ತಟ್ಟುವುದು. ಅವರ ಹೆಸರೇ ಕೆಮ್ಮು ಮಾಸ್ತರು ಎಂದಾಯಿತು.

ಆಮೇಲೆ ಹಾಡನ್ನು ಯಾರು ಯಾರೋ ಹಾಡಿದರು, ಕೆಮ್ಮನ್ನು ಮಾತ್ರ ಯಾರೂ ಕೈಬಿಡಲಿಲ್ಲ. ಬ್ಯಾಂಡಿನವರು ಅದನ್ನು ತುತ್ತೂರಿಯಲ್ಲಿ ಊದಿದರು. ಶಾಲೆಯ ನಲವತ್ತು ಮಕ್ಕಳು ಒಟ್ಟಿಗೆ ಕೆಮ್ಮಿದಾಗ ಒಬ್ಬ ತಾಯಿ ಔಷಧದ ಬಾಟಲಿ ಹಿಡಿದು ವೇದಿಕೆ ಹತ್ತಿದಳು. ಕುಣಿಯುವವರಿಗೆಂದು ಮಾಡಿದ ಹೊಸ ಆವೃತ್ತಿಯಲ್ಲಿ ಯಂತ್ರ ಹದಿನಾರು ಸಲ ಕೆಮ್ಮಿತು. ದೊಡ್ಡ ಗಾಯಕರೊಬ್ಬರು ಇದೆಲ್ಲ ಅಪಚಾರ ಎಂದು ಕೆಮ್ಮು ಬಿಟ್ಟು ಹಾಡಿದರು. ಕೊಂಡವರು ರೆಕಾರ್ಡು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಕೊಟ್ಟರು.

ದರ್ಜಿ ಒಂದನ್ನೂ ಬಿಡದೆ ಕೇಳಿದ. ಹೊಲಿಗೆ ಯಂತ್ರದ ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ತೀರ್ಪು ಕೊಡುತ್ತಿದ್ದ. ‘ಇದು ಬರೀ ಒಣಕೆಮ್ಮು. ಇವನಿಗೆ ಗಂಟಲಲ್ಲಿ ಏನೂ ಸಿಕ್ಕೇ ಇಲ್ಲ. ನನ್ನದರಲ್ಲಿ ಪ್ರಾಣಭಯ ಇತ್ತು ಕಣೇ.’

‘ಸಾಕು ಸುಮ್ನಿರಿ’ ಎನ್ನುತ್ತಿದ್ದಳು ಹೆಂಡತಿ. ‘ಊರಲ್ಲಿ ಯಾರು ಸೀನಿದ್ರೂ ಅದೂ ನಿಮ್ಮದೇ.’

ಕಟ್ಟಿಕೊಂಡವಳೇ ನಂಬದಿದ್ದ ಮೇಲೆ ಊರಿಗೆ ಹೇಳುವುದೆಲ್ಲಿ? ಸಾಯುವುದರೊಳಗೆ ಒಂದು ಸಲವಾದರೂ ಜನರೆದುರು ನಿಂತು ಅದು ನನ್ನ ಕೆಮ್ಮು ಎನ್ನಬೇಕು ಎಂಬುದೊಂದೇ ಅವನ ಆಸೆಯಾಗಿ ಉಳಿಯಿತು. ಮಾಸ್ತರು ತನ್ನನ್ನು ದೋಚಿದರೆಂದೇ ಅವನು ಗಟ್ಟಿಯಾಗಿ ನಂಬಿದ್ದ.

ನಾಟಕಕ್ಕೆ ನಲವತ್ತು ತುಂಬಿದ ಸಮಾರಂಭ. ಮಂದಿರ ಕಿಕ್ಕಿರಿದಿತ್ತು. ಹೊಸ ಹುಡುಗ ಹುಡುಗಿ ಹಾಡುತ್ತಿದ್ದರು. ದರ್ಜಿ ಎಂದಿನಂತೆ ಪಕ್ಕದ ಪರದೆಯ ಹಿಂದೆ ಸೂಜಿ ಹಿಡಿದು ನಿಂತಿದ್ದ. ‘ಬರುವೆಯಾ’ ಆಯಿತು, ವಾದ್ಯ ನಿಂತಿತು, ಬೆಳಕು ಮಾಸ್ತರ ಮೇಲೆ ಬಿತ್ತು. ಮಾಸ್ತರು ಬಾಯಿ ತೆರೆದರು, ತಟ್ಟನೆ ಎರಡೂ ಕೈಯಿಂದ ಮುಚ್ಚಿಕೊಂಡರು. ಹೋದ ವಾರ ಕಟ್ಟಿಸಿದ ಹಲ್ಲಿನ ಸೆಟ್ಟು ಸಡಿಲವಾಗಿ ಮುಂದಿನ ಸಾಲಿಗೆ ಹಾರುವುದರಲ್ಲಿತ್ತು. ನಿಶ್ಶಬ್ದ ಉದ್ದವಾಯಿತು. ಹುಡುಗಿ ಕಣ್ಣು ಕಣ್ಣು ಬಿಟ್ಟಳು. ದರ್ಜಿಗೆ ತಡೆಯಲಾಗಲಿಲ್ಲ, ಕೆಮ್ಮಿಬಿಟ್ಟ. ಎರಡು ಗಿಡ್ಡ, ಒಂದು ಉದ್ದ.

ಸಭೆ ಎದ್ದು ನಿಂತಿತು. ಹಾಡು ಮುಗಿದರೂ ‘ಒನ್ಸ್‌ಮೋರ್’ ಕೂಗು ನಿಲ್ಲಲಿಲ್ಲ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮಾಸ್ತರು ಪರದೆಯ ಹಿಂದೆ ಬಂದರು. ದರ್ಜಿಯನ್ನು ಕಂಡು ಹಾಗೇ ನಿಂತರು.

‘ನೀನಾ?’

‘ನಾನೇ ಮಾಸ್ತರೇ. ಅವತ್ತೂ ನಾನೇ, ಇವತ್ತೂ ನಾನೇ’ ಎಂದ ದರ್ಜಿ, ಎದೆಯುಬ್ಬಿಸಿ.

‘ಅವತ್ತು ಯಾಕೆ ಹೇಳಲಿಲ್ಲ?’

‘ಹೆದರಿಕೆ. ಆಗಷ್ಟೇ ಮದುವೆಯಾಗಿತ್ತು.’

‘ನಂಗೂ ಆಗಿತ್ತು ಕಣಯ್ಯಾ.’ ಮಾಸ್ತರು ಹಲ್ಲು ತೆಗೆದು ಜೇಬಿಗೆ ಹಾಕಿಕೊಂಡರು. ‘ಹನ್ನೊಂದು ತಿಂಗಳು ಮಾವನ ಮನೇಲಿ ಬಿದ್ದಿದ್ದೆ. ಹಾರ್ಮೋನಿಯಂ ಮಾರಿದೆ. ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ಅಂತ ಮಾವ ದಿನಾ ಕೇಳೋರು. ನಾನಲ್ಲ ಅಂದ್ರೆ ಹೆಂಡ್ತಿನೂ ನಂಬಲಿಲ್ಲ. ಕೊನೆಗೆ ಸಾಕಾಗಿ, ಹೌದು ನಾನೇ ಕೆಮ್ಮಿದ್ದು ಅಂತ ಒಪ್ಕೊಂಡೆ. ಕಾರು ಬಂದಿದ್ದು ಆಮೇಲೆ.’ ಅವರು ದರ್ಜಿಯ ರಟ್ಟೆ ಹಿಡಿದರು. ‘ಬಾ, ಮೈಕಲ್ಲಿ ಹೇಳ್ತೀನಿ. ಕೆಮ್ಮು ನಿನ್ನದೇ, ತಗೋ. ಆ ಹನ್ನೊಂದು ತಿಂಗಳೂ ನಿನ್ನದೇ, ಅದನ್ನೂ ತಗೋ.’

ನಲವತ್ತು ವರ್ಷದಲ್ಲಿ ದರ್ಜಿ ಚಪ್ಪಾಳೆಯ ಲೆಕ್ಕ ಇಟ್ಟಿದ್ದನೇ ಹೊರತು ಆ ಹನ್ನೊಂದು ತಿಂಗಳನ್ನು ಒಮ್ಮೆಯೂ ನೆನೆದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಹಾಡು ಮತ್ತೆ ಶುರುವಾಯಿತು. ‘ನೀವು ಹೋಗಿ ಮಾಸ್ತರೇ’ ಎಂದ ದರ್ಜಿ, ರಟ್ಟೆ ಬಿಡಿಸಿಕೊಂಡು. ‘ನಾನು ಇಲ್ಲೇ ಇರ್ತೀನಿ.’

‘ಬರುವೆಯಾ’ ಎಂದ ಹುಡುಗ. ಮಾಸ್ತರು ಬೆಳಕಿನಲ್ಲಿ ಬೊಚ್ಚು ಬಾಯಿಗೆ ಕೈ ಅಡ್ಡ ಹಿಡಿದು ನಿಂತರು. ದರ್ಜಿ ಪರದೆಯ ಅಂಚನ್ನು ಬಿಗಿಯಾಗಿ ಹಿಡಿದು, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೆಮ್ಮಿದ. ಚಪ್ಪಾಳೆಗೆ ಚಾವಣಿ ಹಾರುವಂತಾಯಿತು. ಮಾಸ್ತರು ಸಭೆಗೆ ಬೆನ್ನು ಹಾಕಿ, ಪಕ್ಕದ ಪರದೆಯ ಕಡೆ ತಿರುಗಿ, ಸೊಂಟ ಬಗ್ಗಿಸಿ ಕೈ ಮುಗಿದರು. ಪಾಪ, ಮುದುಕರಿಗೆ ದಿಕ್ಕು ತಪ್ಪಿತು ಎಂದು ಮುಂದಿನ ಸಾಲಿನವರು ನಕ್ಕರು.